ಧೂಳು ಕೂರಿಸುತ್ತಿದ್ದ ಒತ್ತಾವಿಯಾ

ಒತ್ತಾವಿಯಾ ಕೆಲಸಕ್ಕೆ ಸೇರಿದ ಮೂರನೆಯ ದಿನ ಬೆಳಿಗ್ಗೆ ಮುನ್ನೂರು ವರ್ಷದ ಧೂಳನ್ನು ಗುಡಿಸಿ ಹೊರಗೆ ಹಾಕಿದಳು.

ಅದು 1963ರ ಮಾರ್ಚ್ ತಿಂಗಳು. ರೋಮಿನ ಟುಸ್ಕೊಲಾನಾ ರಸ್ತೆಯ ಕೊನೆಯಲ್ಲಿ, ಊರು ಮುಗಿದು ಕುರಿ ಮೇಯುವ ಬಯಲು ಶುರುವಾಗುವ ಕಡೆ ನಮ್ಮ ಸ್ಟುಡಿಯೊ ಇತ್ತು. ಸ್ಟುಡಿಯೊ ಎಂದರೆ ದೊಡ್ಡ ಮಾತಾಯಿತು. ಎರಡು ಹಳೆಯ ಗೋದಾಮು, ಒಂದು ಕ್ಯಾಂಟೀನು, ಅಷ್ಟೇ. ಅಲ್ಲಿ ವರ್ಷಕ್ಕೆ ನಾಲ್ಕೈದು ಭಯದ ಚಿತ್ರಗಳನ್ನು ತೆಗೆಯುತ್ತಿದ್ದೆವು. ನೂರು ವರ್ಷದ ಹಿಂದೆ ಯಾರು ಯಾರೋ ಬರೆದಿಟ್ಟ ಪಾಳುಬಂಗಲೆಯ, ಶವಪೆಟ್ಟಿಗೆಯ ಸಣ್ಣ ಕಥೆಗಳೇ ನಮ್ಮ ಬಂಡವಾಳ. ಬರೆದವರು ಸತ್ತು ಬಹಳ ಕಾಲವಾಗಿದ್ದರಿಂದ ಯಾರನ್ನೂ ಕೇಳಬೇಕಾಗಿರಲಿಲ್ಲ. ನನ್ನ ಹೆಸರು ನೊರ್ಮಾ. ಚಿತ್ರಕಥೆ ಟೈಪು ಮಾಡುವುದು ನನ್ನ ಕೆಲಸ. ಆಗ ನನಗೆ ಇಪ್ಪತ್ತನಾಲ್ಕು ವರ್ಷ.

ಆವತ್ತು ದೊರೆಯೊಬ್ಬನ ಗ್ರಂಥಾಲಯದ ಚಿತ್ರೀಕರಣವಿತ್ತು. ಅದಕ್ಕೆ ಜೇಡರ ಬಲೆ ಕಟ್ಟಿದವನು ಗಾಸ್ಪರೆ. ರಬ್ಬರ್ ಅಂಟನ್ನು ಪುಟ್ಟ ಡಬ್ಬಿಗೆ ತುಂಬಿ ಫ್ಯಾನಿನ ಮುಂದೆ ಗಿರಗಿರ ತಿರುಗಿಸಿದರೆ ಅಂಟು ಎಳೆಎಳೆಯಾಗಿ ಹಾರಿ ಸಿಕ್ಕಿದ್ದಕ್ಕೆಲ್ಲ ತೊಡರಿಕೊಳ್ಳುತ್ತದೆ. ಅದರ ಮೇಲೆ ಟಾಲ್ಕಂ ಪೌಡರ್ ಊದಿದರೆ ಬಲೆ. ಎರಡು ದಿನ ಕೂತು ಕಪಾಟು, ಮೇಜು, ತೂಗುದೀಪ ಎಲ್ಲಕ್ಕೂ ಬಲೆ ಹೊದಿಸಿ ಗಾಸ್ಪರೆ ಮನೆಗೆ ಹೋಗಿದ್ದ. ಬೆಳಿಗ್ಗೆ ಬಂದು ನೋಡಿದರೆ ಗ್ರಂಥಾಲಯ ಮದುವೆಮನೆಯ ಹಾಗೆ ಹೊಳೆಯುತ್ತಿತ್ತು. ನೆಲಕ್ಕೆ ಮೇಣ ಬೇರೆ ಹಚ್ಚಲಾಗಿತ್ತು. ಹೊಸ ಕಸಗುಡಿಸುವ ಹೆಂಗಸು ಬಕೆಟ್ಟು ಹಿಡಿದು, ಶಹಬ್ಬಾಸ್‌ಗಿರಿ ಸಿಗುತ್ತದೆ ಎಂಬಂತೆ ನಿಂತಿದ್ದಳು. ಎತ್ತರದ ಆಳು, ಮೂವತ್ತನಾಲ್ಕರ ಹತ್ತಿರದ ವಯಸ್ಸು, ತಲೆಗೆ ಕಟ್ಟಿದ ನೀಲಿ ಬಟ್ಟೆ.

ಗಾಸ್ಪರೆ ಮೆಟ್ಟಿಲ ಮೇಲೆ ಕುಸಿದು ಕೂತ. "ಯಾರಮ್ಮ ಇದನ್ನ ಮಾಡಿದ್ದು?"

"ನಾನೇ. ಎಷ್ಟು ಗಲೀಜಿತ್ತು ಗೊತ್ತಾ? ಶನಿವಾರದಿಂದ ಯಾರೂ ಪೊರಕೆ ಮುಟ್ಟಿಲ್ಲ ಅನ್ಸತ್ತೆ."

"ಶನಿವಾರದಿಂದ ಅಲ್ಲ ತಾಯಿ. ಸಾವಿರದ ಆರುನೂರ ಅರವತ್ತರಿಂದ."

ನಿರ್ದೇಶಕ ಬಿಸ್ಸೋನಿ ಬಂದ. ಅವನನ್ನು ನಾವೆಲ್ಲ ಮೇಷ್ಟ್ರೇ ಎನ್ನುತ್ತಿದ್ದೆವು. ಸಿಟ್ಟು ಬಂದರೆ ಅವನ ಧ್ವನಿ ಇನ್ನೂ ಮೆತ್ತಗಾಗುತ್ತಿತ್ತು. ನೆಲದ ಕಡೆ ಬಗ್ಗಿ ನೋಡಿ, "ದೊರೆ ಸತ್ತು ಮುನ್ನೂರು ವರ್ಷ ಆಗಿದೆ, ಅವನ ನೆಲದಲ್ಲಿ ನನ್ನ ಮುಖ ಕಾಣಿಸ್ತಿದೆ," ಎಂದ.

ಆಗ ಒತ್ತಾವಿಯಾಗೆ ಅರ್ಥವಾಯಿತು. ಮುಖ ಕೆಂಪಾಯಿತು, ಆದರೆ ಅಳಲಿಲ್ಲ. "ಎಲ್ಲೆಲ್ಲಿ ಏನಿತ್ತು ಅಂತ ನನಗೆ ಗೊತ್ತು ಮೇಷ್ಟ್ರೇ. ವಾಪಸ್ ಹಾಕ್ತೀನಿ."

"ಏನನ್ನ, ಧೂಳನ್ನಾ?"

"ಧೂಳನ್ನೇ. ತೆಗೆದೋಳಿಗೆ ಹಾಕೋಕೆ ಬರಲ್ವಾ?"

ಅವಳಿಗೆ ನಿಜವಾಗಿಯೂ ಎಲ್ಲ ನೆನಪಿತ್ತು. ಹದಿನಾರನೆಯ ವಯಸ್ಸಿನಿಂದ ಮನೆಮನೆ ಗುಡಿಸಿದವಳು. ನಾವು ಮುಖ ನೋಡಿ ಜನರನ್ನು ಗುರುತಿಡುವ ಹಾಗೆ ಅವಳು ಕೊಳೆ ನೋಡಿ ಕೋಣೆಗಳನ್ನು ಗುರುತಿಡುತ್ತಿದ್ದಳು. ಕ್ಯಾಂಟೀನಿನ ಒಲೆಯಿಂದ ಬೂದಿ ತಂದು ಜರಡಿ ಹಿಡಿದು, ಪೌಡರ್ ಬೆರೆಸಿ, ತನ್ನ ಹಳೆಯ ಕಾಲುಚೀಲದಲ್ಲಿ ತುಂಬಿ ಮೆಲ್ಲಗೆ ತಟ್ಟುತ್ತ ಹೋದಳು. ಗಾಸ್ಪರೆ ಮತ್ತೆ ಬಲೆ ಬಿಡತೊಡಗಿದ. ತೂಗುದೀಪದಿಂದ ಕುರ್ಚಿಗೆ ಎಳೆ ಎಳೆದಾಗ ಅವಳಿಗೆ ತಡೆಯಲಾಗಲಿಲ್ಲ.

"ಅಲ್ಲಿ ಯಾಕೆ?"

"ಚೆನ್ನಾಗಿ ಕಾಣತ್ತೆ."

"ಜೇಡಕ್ಕೆ ಚೆನ್ನಾಗಿ ಕಾಣೋದು ಬೇಕಾ? ಅದಕ್ಕೂ ಹೊಟ್ಟೆಪಾಡಿದೆ ಮಾರಾಯ. ನೊಣ ಬರೋ ಕಡೆ ಕಟ್ಟತ್ತೆ. ಕಿಟಕಿ ಮೂಲೆ, ಬಾಗಿಲ ಸಂದಿ. ನಡುಮನೇಲಿ ಪರದೆ ಥರ ಇಳಿಬಿಡಲ್ಲ."

ಹನ್ನೊಂದು ವರ್ಷದಿಂದ ಬಲೆ ಕಟ್ಟುತ್ತಿದ್ದ ಗಾಸ್ಪರೆಗೆ ಅವಮಾನವಾಯಿತು. ಅರ್ಧ ಗಂಟೆ ಡಬ್ಬಿಯ ಅಂಟು ಕೆರೆಯುತ್ತ ಕೂತ. ಆಮೇಲೆ ಫ್ಯಾನನ್ನು ಕಿಟಕಿಯ ಕಡೆ ತಿರುಗಿಸಿದ. ಮಧ್ಯಾಹ್ನದ ಹೊತ್ತಿಗೆ ಗ್ರಂಥಾಲಯ ಮೊದಲಿಗಿಂತ ಹಳೆಯದಾಗಿತ್ತು. ಬಿಸ್ಸೋನಿ ಒಂದು ಸುತ್ತು ಹಾಕಿ, ಅವಳ ಕೈಯ ಪೊರಕೆ ಇಸಿದುಕೊಂಡು ಬೇರೆಯವರಿಗೆ ಕೊಟ್ಟ. ಹಾಗೆ ಅವಳು ಗಾಸ್ಪರೆಯ ಜೊತೆಗಾರ್ತಿಯಾದಳು.

ಕೆಲಸ ಸಿಕ್ಕಿತು, ಆದರೆ ಅವಳಿಗೊಂದು ಕಷ್ಟವಿತ್ತು. ನಾನು ಟೈಪು ಮಾಡಿದ ಹಾಳೆಗಳಲ್ಲಿ "ಹಳೆಯ ಕೋಣೆ, ಬಲೆ" ಎಂದಷ್ಟೇ ಇರುತ್ತಿತ್ತು. ಅವಳು ಎರಡನೆಯ ತರಗತಿಗೇ ಶಾಲೆ ಬಿಟ್ಟವಳು, ಅಕ್ಷರ ಕೂಡಿಸಿ ಓದುವುದು ಕಷ್ಟ. ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ನೊರ್ಮಾ, ಈ ಮನೇಲಿ ಏನಾಗಿತ್ತು?"

"ಯಾವ ಮನೇಲಿ?"

"ಇದೇ, ನಾಳೆ ಧೂಳು ಹಾಕ್ಬೇಕಲ್ಲ. ಯಾರಿದ್ರು? ಬಿಟ್ಟು ಎಷ್ಟು ದಿನ ಆಯ್ತು? ಓಡಿ ಹೋದ್ರಾ, ಸತ್ರಾ? ಅದು ಗೊತ್ತಿಲ್ದೆ ಹೇಗೆ ಹಾಕ್ಲಿ?"

ನನ್ನ ಹತ್ತಿರ ಮೂಲ ಕಥೆಗಳ ಪುಸ್ತಕಗಳಿರುತ್ತಿದ್ದವು. ಅಂದಿನಿಂದ ಊಟದ ಹೊತ್ತಿನಲ್ಲಿ ಅವಳು ಬ್ರೆಡ್ಡಿನೊಳಗೆ ಬೇಯಿಸಿದ ಸೊಪ್ಪು ಇಟ್ಟುಕೊಂಡು ತಿನ್ನುತ್ತ ಕೂರುವಳು, ನಾನು ಓದುವೆ. ಗಾಸ್ಪರೆಯೂ ಬಂದು ಬಾಗಿಲಿಗೊರಗಿ ಕೂರತೊಡಗಿದ. ಕಥೆ ಹದಿನೈದು ಪುಟವಿದ್ದರೆ ಚಿತ್ರ ಒಂದೂವರೆ ಗಂಟೆ. ನಡುವೆ ತುಂಬಲು ನಮ್ಮವರು ಒಂದು ನೆಲಮಾಳಿಗೆ, ಒಬ್ಬ ಪ್ರಿಯಕರ, ಎರಡು ಹೆಣ ಸೇರಿಸುತ್ತಿದ್ದರು. ಕಥೆ ಕೇಳಿ ಆಮೇಲೆ ಚಿತ್ರೀಕರಣ ನೋಡಿದಾಗ ಒತ್ತಾವಿಯಾಗೆ ಸಿಟ್ಟು.

"ಈ ಹೆಣ ಎಲ್ಲಿಂದ ಬಂತು? ಕಥೇಲಿ ಇರ್ಲಿಲ್ಲ."

"ನಿರ್ಮಾಪಕರ ಮನೆಯಿಂದ," ಎನ್ನುತ್ತಿದ್ದ ಗಾಸ್ಪರೆ.

ಪರದೇಶದ ಚಿತ್ರವೆಂದು ಜನ ನಂಬಲಿ ಎಂದು ಪರದೆಯ ಮೇಲೆ ಎಲ್ಲರಿಗೂ ಇಂಗ್ಲಿಷ್ ಹೆಸರು ಹಾಕುತ್ತಿದ್ದ ಕಾಲ ಅದು. ಗಾಸ್ಪರೆ ಜಾಸ್ಪರ್ ಆಗಿದ್ದ. ಕನ್ನಡಿ ಮುಂದೆ ನಿಂತು ಅದನ್ನು ಹೇಳಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಅವನಿಗೆ ನಲವತ್ತೊಂದಾಗಿತ್ತು, ಮದುವೆಯಾಗಿರಲಿಲ್ಲ. ಅಂಟಿನ ವಾಸನೆಗೆ ಯಾವ ಹೆಂಗಸೂ ಹತ್ತಿರ ಬರುವುದಿಲ್ಲ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಬೇಸಿಗೆಯಲ್ಲಿ ಒಂದು ಸಂಜೆ ಟ್ರಾಮಿನಲ್ಲಿ ಅವಳ ಪಕ್ಕ ಕೂತು ಮದುವೆಯಾಗೋಣವೇ ಎಂದು ಕೇಳಿಬಿಟ್ಟ. ಅವಳು, "ನಮ್ಮನೇಲಿ ಜಾಗ ಇಲ್ಲ ಗಾಸ್ಪರೆ," ಎಂದಳಂತೆ.

"ನಾನು ಕೇಳಿದ್ದು ಜಾಗ ಅಲ್ಲ," ಎಂದನಂತೆ ಅವನು.

"ಅಮ್ಮನ್ನ ಬಿಟ್ಟು ನಾನು ಬರಕ್ಕಾಗಲ್ಲ. ನೀನು ಅಲ್ಲಿಗೆ ಬರಕ್ಕಾಗಲ್ಲ."

ಅವನು ಅದನ್ನು ನೆಪವೆಂದುಕೊಂಡ. ಒಂದು ವಾರ ಮಂಕಾಗಿದ್ದು ಮತ್ತೆ ಕಥೆ ಕೇಳಲು ಬಂದ. ಅವಳು ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು ಅವನಿಗೆ ಕೊಟ್ಟಳು.

ಅಕ್ಟೋಬರಿನಲ್ಲಿ ಬಿಸ್ಸೋನಿ ಹೊಸ ಚಿತ್ರ ಶುರುಮಾಡಿದ. ಹದಿನಾಲ್ಕೇ ಪುಟದ ಕಥೆ. ಒಬ್ಬ ಜಮೀನ್ದಾರನ ಹೆಂಡತಿ ಸಾಯುತ್ತಾಳೆ. ಅವನು ಅವಳ ಕೋಣೆಯನ್ನು ಹಾಗೇ ಇಟ್ಟು, ಯಾರನ್ನೂ ಬಿಡದೆ, ದಿನಾ ಸಂಜೆ ತಾನೊಬ್ಬನೇ ಹೋಗಿ ಕೂತು ಮಾತಾಡಿ ಬರುತ್ತಾನೆ. ಇಪ್ಪತ್ತು ವರ್ಷ ಹೀಗೇ. ಮನೆಗೆಲಸದ ಹುಡುಗಿ ಬಾಗಿಲಾಚೆ ನಿಂತು ಅದನ್ನು ಕೇಳಿಸಿಕೊಳ್ಳುತ್ತಾಳೆ. ಒಂದು ದಿನ ಬಾಗಿಲು ತೆರೆದಿರುತ್ತದೆ. ಇಣುಕಿದರೆ ಅವನು ಕೂತಿದ್ದಾನೆ, ಎದುರಿನ ಖಾಲಿ ಕುರ್ಚಿಯ ಮೆತ್ತೆ ಯಾರೋ ಈಗತಾನೆ ಎದ್ದ ಹಾಗೆ ತಗ್ಗಿದೆ. ಕಥೆ ಅಷ್ಟೇ. ಚಿತ್ರದಲ್ಲಿ ಮಾತ್ರ ಹೆಂಡತಿ ಮುಖದ ಬದಲು ತಲೆಬುರುಡೆ ಹೊತ್ತು ಎದ್ದು ಬರಬೇಕಿತ್ತು.

ನಾನು ಓದಿ ಮುಗಿಸಿದಾಗ ಒತ್ತಾವಿಯಾ ಕೈಯಲ್ಲಿದ್ದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಎದ್ದು ಹೋದಳು. ಮರುದಿನ ಗಾಸ್ಪರೆಯನ್ನೂ ಹೊರಗೆ ಕಳಿಸಿ ಒಬ್ಬಳೇ ಆ ಕೋಣೆಯ ಕೆಲಸ ಮಾಡಿದಳು. ಬಿಸ್ಸೋನಿ ಬಂದು ನೋಡಿ ಹುಬ್ಬು ಗಂಟಿಕ್ಕಿದ.

"ಏನಮ್ಮ, ಅರ್ಧಕ್ಕೇ ಬಿಟ್ಟಿದ್ದೀಯ?"

"ಮುಗಿದಿದೆ ಮೇಷ್ಟ್ರೇ."

"ಬಾಗಿಲಿಗೆ ಅಡ್ಡ ಬಲೆ ಬೇಕಿತ್ತು. ಅವನು ಕೈಯಲ್ಲಿ ಹರ್ಕೊಂಡು ಒಳಗೆ ಬರ್ಬೇಕು. ಜನ ಬೆಚ್ಚಿಬೀಳೋದೇ ಅಲ್ಲಿ."

"ದಿನಾ ಬರೋನಿಗೆ ಬಾಗಿಲಲ್ಲಿ ಬಲೆ ಹೇಗಿರತ್ತೆ?" ಅವಳು ನೆಲ ತೋರಿಸಿದಳು. "ಅವನು ಧೂಳು ಒರೆಸಲ್ಲ, ಅವಳು ಬಿಟ್ಟು ಹೋದ ಹಾಗೇ ಇರ್ಲಿ ಅಂತ. ಆದ್ರೆ ನಡೀತಾನಲ್ಲ, ನಡೆದ ಕಡೆ ಧೂಳು ಕೂರಲ್ಲ. ಮಂಚದ ತುದೀಲಿ ಕೂರ್ತಾನೆ, ಅಲ್ಲಿ ಧೂಳಿಲ್ಲ. ಬಾಚಣಿಗೆ ಕೈಗೆ ತಗೋತಾನೆ, ಅದರ ಮೇಲೂ ಧೂಳಿಲ್ಲ. ಕಿಟಕಿ ಹತ್ರ ಮಾತ್ರ ಹೋಗಲ್ಲ. ಬಲೆ ಅಲ್ಲಿದೆ ನೋಡಿ."

ಬಾಗಿಲಿನಿಂದ ಮಂಚದವರೆಗೆ ಬೂದುಬಣ್ಣದ ನೆಲದ ನಡುವೆ ಕಾಲುದಾರಿಯಂತೆ ಒಂದು ಸವೆದ ಪಟ್ಟಿ. ಮಂಚದ ಹೊದಿಕೆಯ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಸ್ವಚ್ಛವಾಗಿತ್ತು. ಉಳಿದಿದ್ದೆಲ್ಲ ಇಪ್ಪತ್ತು ವರ್ಷ ಮುಟ್ಟದ ಹಾಗೆ.

"ಇದೆಲ್ಲ ಕಥೇಲಿದೆಯಾ?" ಎಂದು ಬಿಸ್ಸೋನಿ ಕೇಳಿದ.

"ಕಥೇಲಿಲ್ಲ."

"ಮತ್ತೆ?"

"ನಮ್ಮನೇಲಿದೆ."

ಆಮೇಲೆ ಹೇಳಿದಳು, ನೆಲ ನೋಡುತ್ತಲೇ. ಅವಳು ಎಂಟನೆಯ ಮಗು, ಅದಕ್ಕೇ ಆ ಹೆಸರು; ಒತ್ತಾವಿಯಾ ಎಂದರೆ ಎಂಟನೆಯವಳು. ಮೊದಲಿನವರಲ್ಲಿ ನಾಲ್ವರು ಚಿಕ್ಕಂದಿನಲ್ಲೇ ಹೋದರು, ಇಬ್ಬರು ಅಕ್ಕಂದಿರು ಬೆಲ್ಜಿಯಮ್ಮಿನಲ್ಲಿ ಗಣಿ ಕೆಲಸಗಾರರನ್ನು ಮದುವೆಯಾದರು. ಉಳಿದವನು ಅಣ್ಣ ಎಜಿದಿಯೊ, ಬೇಕರಿಯ ಬ್ರೆಡ್ಡನ್ನು ಸೈಕಲ್ಲಿನಲ್ಲಿ ಹಂಚುತ್ತಿದ್ದವನು. ಯುದ್ಧದಲ್ಲಿ ರಷ್ಯಾಕ್ಕೆ ಕಳಿಸಿದರು. ನಲವತ್ಮೂರರ ಜನವರಿಯಲ್ಲಿ ಹಿಮದಲ್ಲಿ ಸೇನೆ ಹಿಂದೆ ಸರಿಯುವಾಗ ಕಾಣೆಯಾದ. ಸತ್ತನೆಂಬ ಕಾಗದವೂ ಬರಲಿಲ್ಲ. ಅವರ ಮನೆಗೆ ಎರಡೇ ಕೋಣೆ. ಒಂದು ಅಡುಗೆಮನೆ, ಇನ್ನೊಂದು ಎಜಿದಿಯೊನದು. ತಾಯಿ ಲೊರೆತಾ ಪ್ರತಿ ಸಂಜೆ ಜಪಮಾಲೆ ಮುಗಿಸಿ ಒಳಗೆ ಹೋಗಿ ಕೂರುತ್ತಾಳೆ. ಪೊರಕೆ ತರಕೂಡದು. ಒತ್ತಾವಿಯಾ ಹದಿನಾಲ್ಕನೆಯ ವಯಸ್ಸಿನಿಂದ ಅಡುಗೆಮನೆಯಲ್ಲಿ ತಾಯಿಯ ಪಕ್ಕ ಮಡಚುವ ಮಂಚದ ಮೇಲೆ ಮಲಗುತ್ತಿದ್ದಾಳೆ.

"ಅಲ್ಲಿರೋ ಧೂಳೂ ಅವನದೇ ಅಂತಾಳೆ ಅಮ್ಮ," ಎಂದು ನಿಲ್ಲಿಸಿದಳು.

ಗಾಸ್ಪರೆ ನನ್ನ ಪಕ್ಕ ನಿಂತಿದ್ದ. ಜಾಗವಿಲ್ಲ ಎಂದು ಅವಳು ಹೇಳಿದ್ದರ ಅರ್ಥ ಅವನಿಗೆ ಆಗ ಹೊಳೆದಿರಬೇಕು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಬಿಸ್ಸೋನಿ ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ, ಆ ಸವೆದ ದಾರಿಗುಂಟ ಬಾಗಿಲಿನಿಂದ ಮಂಚದವರೆಗೆ, ಎಲ್ಲೂ ಕತ್ತರಿಸದೆ, ನಿಧಾನವಾಗಿ ಚಿತ್ರಿಸಿದ. ಬಾಗಿಲಲ್ಲಿ ಕೆಲಸದ ಹುಡುಗಿಯನ್ನು ನಿಲ್ಲಿಸಿದ. ಆ ದೃಶ್ಯಕ್ಕೆ ಸಂಗೀತವನ್ನೂ ಹಾಕಿಸಲಿಲ್ಲ. ತಲೆಬುರುಡೆಯನ್ನು ಕೈಬಿಡಲು ನಿರ್ಮಾಪಕ ಒಪ್ಪಲಿಲ್ಲವಾದ್ದರಿಂದ ಅದು ಕೊನೆಯಲ್ಲಿ ಬಂದೇ ಬಂತು.

ಚಿತ್ರ ಮುಂದಿನ ವಸಂತದಲ್ಲಿ ಬಿಡುಗಡೆಯಾಗಿ, ದೊಡ್ಡ ಥಿಯೇಟರುಗಳಲ್ಲಿ ಬೇಗ ಮುಗಿದು, ಒತ್ತಾವಿಯಾಳ ಬಡಾವಣೆಯ ಅಗ್ಗದ ಥಿಯೇಟರಿಗೆ ಬಂತು. ಮೇಲಿನ ಮನೆಯ ಹೆಂಗಸು ಲೊರೆತಾಗೆ ಸುದ್ದಿ ಮುಟ್ಟಿಸಿದಳು. "ಲೊರೆತಕ್ಕ, ನಿಮ್ಮ ಮಗಳ ಸಿನಿಮಾ ಇಲ್ಲಿಗೇ ಬಂದಿದೆ. ಸತ್ತೋಳ ಕೋಣೆ ಒಂದು ತೋರಿಸ್ತಾರೆ, ಮೈ ಜುಂ ಅನ್ನತ್ತೆ."

ಒತ್ತಾವಿಯಾ ಆರು ತಿಂಗಳು ಇದಕ್ಕೇ ಹೆದರಿದ್ದಳು. ಆವತ್ತು ತಾಯಿ ಊಟಕ್ಕೆ ಆರ್ಟಿಚೋಕ್ ಮೊಗ್ಗು ಬಿಡಿಸುತ್ತಿದ್ದಾಗ ಎದುರು ಕೂತು ಹೇಳಿಬಿಟ್ಟಳು. "ಅಮ್ಮ, ಸಿನಿಮಾದಲ್ಲಿರೋ ಕೋಣೆ ನಮ್ಮದೇ. ಎಜಿದಿಯೊದು. ನಾನೇ ಮಾಡಿದ್ದು."

ಲೊರೆತಾ ತಲೆಯೆತ್ತಲಿಲ್ಲ. ಉಳಿದ ಮೊಗ್ಗುಗಳನ್ನೆಲ್ಲ ಬಿಡಿಸಿ, ನಿಂಬೆ ಹಿಂಡಿದ ನೀರಿಗೆ ಹಾಕಿ, ಕೈ ಒರೆಸಿಕೊಂಡು, "ಭಾನುವಾರ ಎಷ್ಟೊತ್ತಿಗೆ?" ಎಂದಳು.

ಹೀಗೆ ಈಸ್ಟರ್ ಕಳೆದ ಮೊದಲ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಾವು ನಾಲ್ವರು ಹೋದೆವು. ಒತ್ತಾವಿಯಾ ಒಬ್ಬಳೇ ಹೋಗಲು ಹೆದರಿ ನನ್ನನ್ನೂ ಗಾಸ್ಪರೆಯನ್ನೂ ಕರೆದಿದ್ದಳು. ಲೊರೆತಾ ಪುಟ್ಟ ಆಳು, ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ. ಸುತ್ತ ಕುಂಬಳಬೀಜ ಒಡೆಯುತ್ತ, ಸಿಗರೇಟು ಸೇದುತ್ತ ಕೂತ ಪಡ್ಡೆಗಳು. ಬಂಗಲೆ ಕಂಡರೆ ಊಳಿಡುತ್ತಿದ್ದರು, ನಾಯಕಿ ಕೂಗಿದರೆ ತಾವೂ ಕೂಗುತ್ತಿದ್ದರು. "ಏ, ಅವಳ ಅತ್ತೆ ಬಂದ್ಲು ಅಂತ ಕಾಣತ್ತೆ," ಎಂದು ಯಾರೋ ಹಿಂದಿನಿಂದ ಹೇಳಿದ.

ಕೋಣೆಯ ದೃಶ್ಯ ಬಂದಾಗ ಬೀಜ ಒಡೆಯುವ ಸದ್ದು ನಿಂತಿತು. ಜಮೀನ್ದಾರ ಒಳಗೆ ಬಂದ, ಆ ದಾರಿಯಲ್ಲಿ ನಡೆದ, ಮಂಚದ ತುದಿಯಲ್ಲಿ ಕೂತ. ನಾನು ಪರದೆ ನೋಡಲಿಲ್ಲ, ಲೊರೆತಾಳನ್ನು ನೋಡುತ್ತಿದ್ದೆ. ಅವಳು ಸ್ವಲ್ಪ ಮುಂದಕ್ಕೆ ಬಾಗಿ, ಪಕ್ಕದ ಮನೆಯವರನ್ನು ಜಗಲಿಯಿಂದ ನೋಡುವ ಹಾಗೆ ನೋಡುತ್ತಿದ್ದಳು. ತಲೆಬುರುಡೆ ಬಂದಾಗ ಮಾತ್ರ, "ಇದೇನು ಇದು, ಸುಮ್ನೆ," ಎಂದಳು.

ಹೊರಗೆ ಟ್ರಾಮು ನಿಲ್ಲುವಲ್ಲಿ ಕಲ್ಲುಬೆಂಚಿನ ಮೇಲೆ ಕೂತಳು. ನಾವು ಸುತ್ತ ನಿಂತೆವು.

"ಆ ಮನುಷ್ಯನ ಮನೇಲಿ ಬೇರೆ ಯಾರೂ ಇರ್ಲಿಲ್ವಾ?" ಎಂದು ಕೇಳಿದಳು.

"ಇದ್ಲಲ್ಲಮ್ಮ," ಎಂದಳು ಒತ್ತಾವಿಯಾ. "ಆ ಹುಡುಗಿ. ಬಾಗಿಲಲ್ಲಿ ನಿಂತಿದ್ಲು."

"ಅವಳನ್ನ ಒಂದ್ಸಲನಾದ್ರೂ ತಿರುಗಿ ನೋಡಿದ್ನಾ ಅವನು?"

ಗಾಸ್ಪರೆ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

"ಇಲ್ಲಮ್ಮ."

"ಎಷ್ಟು ದಿನದಿಂದ ನಿಂತಿದ್ಲು?"

"ತುಂಬ ದಿನದಿಂದ."

ಟ್ರಾಮು ಬಂದು ಹೋಯಿತು. ಲೊರೆತಾ ಏಳಲಿಲ್ಲ. ಆಮೇಲೆ ಮಗಳ ಕೈ ಹಿಡಿದು ಅಂಗೈ ತಿರುಗಿಸಿ, ಅದನ್ನೇ ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು. ಇಪ್ಪತ್ತು ವರ್ಷ ಊರವರ ನೆಲ ತಿಕ್ಕಿದ ಕೈ, ಈಗ ಅಂಟಿನಿಂದ ಬಿರುಕು ಬಿಟ್ಟಿತ್ತು. "ನಡೀರಿ," ಎಂದಳು. "ಬೆಳಕಿರುವಾಗಲೇ ಮನೆಗೆ ಹೋಗೋಣ."

ಮನೆಯಲ್ಲಿ ಅವಳು ನೇರವಾಗಿ ಆ ಕೋಣೆಗೆ ಹೋಗಿ ಕಿಟಕಿಗೆ ಕೈ ಹಾಕಿದಳು. ಅದು ಅಲ್ಲಾಡಲಿಲ್ಲ. ಗಾಸ್ಪರೆ ಹೆಗಲು ಕೊಟ್ಟು ನೂಕಲು ಹೋದವನು ಚೌಕಟ್ಟಿನ ಮೂಲೆಯಲ್ಲಿ ಪದರ ಪದರವಾಗಿ ಕೂತ ಬಲೆಯನ್ನು ಕಂಡು ನಿಂತುಬಿಟ್ಟ. "ಇಂಥದು ನನ್ನ ಕೈಲಿ ಆಗಲ್ಲ," ಎಂದ, ತನಗೇ ಎಂಬಂತೆ.

"ನೋಡಿದ್ದು ಸಾಕು, ತೆಗಿ ಮಗ," ಎಂದಳು ಲೊರೆತಾ.

ಕಿಟಕಿ ತೆರೆದುಕೊಂಡಿತು. ಕೆಳಗಿನ ಅಂಗಳದಿಂದ ಯಾರದೋ ರೇಡಿಯೋದ ಫುಟ್‌ಬಾಲ್ ವಿವರಣೆ ಒಳಗೆ ಬಂತು. ಒತ್ತಾವಿಯಾ ಪೊರಕೆ ತಂದಳು, ಆದರೆ ಹೊಸ್ತಿಲು ದಾಟಲಾಗಲಿಲ್ಲ. ತಾಯಿಯೇ ಬಂದು ಪೊರಕೆ ತೆಗೆದುಕೊಂಡು ಒಳಮೂಲೆಯಿಂದ ಶುರುಮಾಡಿದಳು, ಮಲಗಿದ ಮಗುವಿನ ಪಕ್ಕ ಗುಡಿಸುವವಳ ಹಾಗೆ, ಸದ್ದಾಗದಂತೆ. ಆಗ ಒತ್ತಾವಿಯಾ ಒಳಗೆ ಬಂದು ಮೊರ ಹಿಡಿದಳು. ಮಂಚದ ಕೆಳಗೆ ಸೈಕಲ್ ಪಂಪು ಸಿಕ್ಕಿತು. ಲೊರೆತಾ ಅದನ್ನು ತನ್ನ ಶಾಲಿನ ತುದಿಯಲ್ಲಿ ಒರೆಸಿ, ಒಂದು ಸಲ ಒತ್ತಿ ನೋಡಿದಳು. ಇನ್ನೂ ಗಾಳಿ ಬಿಡುತ್ತಿತ್ತು. ಆಗ ಅತ್ತಳು. ಮಗಳು ಮೊರ ಕೆಳಗಿಟ್ಟು ಅವಳನ್ನು ಅಪ್ಪಿಕೊಂಡಳು. ನಾನೂ ಗಾಸ್ಪರೆಯೂ ಅಡುಗೆಮನೆಗೆ ಹೋಗಿ ನಿಂತೆವು.

ಗುಡಿಸಿದ್ದನ್ನು ಕಸದ ಡಬ್ಬಿಗೆ ಹಾಕಲು ಲೊರೆತಾ ಒಪ್ಪಲಿಲ್ಲ. ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಂಡು ತಾನೇ ಮೆಟ್ಟಿಲಿಳಿದು ಅಂಗಳದ ಅಂಜೂರದ ಬುಡಕ್ಕೆ ಹಾಕಿ ಬಂದಳು. ಬಂದವಳೇ ನೀರು ಕಾಯಲಿಟ್ಟು ನಾಲ್ವರಿಗೂ ಪಾಸ್ತಾ ಬೇಯಿಸಿದಳು. ತಟ್ಟೆ ಇಡುವಾಗ ಗಾಸ್ಪರೆಯ ಹತ್ತಿರ ಮೂಸಿ, "ಏನಪ್ಪ ಇದು ವಾಸನೆ, ಟೈರ್ ಅಂಗಡೀಲಿ ಕೆಲಸ ಮಾಡ್ತೀಯಾ?" ಎಂದಳು.

"ಜೇಡ ನಾನು ಅಮ್ಮ," ಎಂದ ಗಾಸ್ಪರೆ. ಲೊರೆತಾ ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಒತ್ತಾವಿಯಾಗೂ ಬಹುಶಃ ಹಾಗೆಯೇ ಇರಬೇಕು, ಚಮಚ ಹಿಡಿದೇ ನೋಡುತ್ತ ಕೂತಿದ್ದಳು.

ಎಜಿದಿಯೊನ ಬಟ್ಟೆ, ಕಾಗದ, ಪಂಪು ಒಂದು ಪೆಟ್ಟಿಗೆ ಸೇರಿ ಲೊರೆತಾಳ ಮಂಚದ ತಲೆದೆಸೆಗೆ ಬಂದವು. ಸಂಜೆ ಜಪಮಾಲೆಯ ನಂತರ ಅವಳು ಆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂರುತ್ತಿದ್ದಳು, ಆದರೆ ಊಟಕ್ಕೆ ಕರೆದರೆ ಎದ್ದು ಬರುತ್ತಿದ್ದಳು. ಸೆಪ್ಟೆಂಬರಿನಲ್ಲಿ ಒತ್ತಾವಿಯಾ ಮತ್ತು ಗಾಸ್ಪರೆ ಮದುವೆಯಾದರು, ಸುಣ್ಣ ಬಳಿದ ಆ ಕೋಣೆಯಲ್ಲೇ ಸಂಸಾರ ಹೂಡಿದರು. ಲೊರೆತಾ ಅವರ ಜೊತೆ ಏಳು ವರ್ಷ ಇದ್ದು ತೀರಿಕೊಂಡಳು. ಎಜಿದಿಯೊನ ಸುದ್ದಿ ಕೊನೆಗೂ ಬರಲಿಲ್ಲ.

ಭಯದ ಚಿತ್ರಗಳ ಕಾಲ ಬಹಳ ದಿನ ನಡೆಯಲಿಲ್ಲ. ಜನಕ್ಕೆ ಬಂಗಲೆ ಬೇಜಾರಾಗಿ ಕುದುರೆ, ಕೋವಿಯ ಕೌಬಾಯ್ ಚಿತ್ರಗಳು ಬೇಕಾದವು. ಗಂಡಹೆಂಡಿರು ಹೆಂಡದಂಗಡಿಗಳಿಗೆ ಮರುಭೂಮಿಯ ಕೆಂಪು ಧೂಳು ಹಾಕಿದರು, ಆಮೇಲೆ ಟೆಲಿವಿಷನ್ ಧಾರಾವಾಹಿಗಳಿಗೆ ಅಟ್ಟಗಳನ್ನು ಮಾಡಿಕೊಟ್ಟರು. ಬಿಸ್ಸೋನಿ ಹಾಸ್ಯಚಿತ್ರಗಳಿಗೆ ಹೋದ, ಯಾವುದೂ ಓಡಲಿಲ್ಲ. ಗಾಸ್ಪರೆಯ ಎದೆಯನ್ನು ಅಂಟು ಮೆಲ್ಲಗೆ ತಿಂದಿತು. 1986ರಲ್ಲಿ, ಹೆಂಡತಿಯ ತೋಳಿನಲ್ಲಿ, ಹಗಲುಹೊತ್ತಿನಲ್ಲಿ ಹೋದ. ಮಕ್ಕಳಾಗಲಿಲ್ಲ. ಬೆಲ್ಜಿಯಮ್ಮಿನಿಂದ ಓದಲು ಬಂದ ಅಕ್ಕನ ಮೊಮ್ಮಗಳೊಬ್ಬಳು ಈಗ ಅವಳ ಜೊತೆಗಿದ್ದಾಳೆ.

ಒತ್ತಾವಿಯಾಗೆ ಎಂಬತ್ತಾಯಿತು. ಗುರುವಾರ ಗುರುವಾರ ನಾನು ಹೋಗುತ್ತೇನೆ. ಅವಳು ಬೇಯಿಸಿದ ಆಲೂಗಡ್ಡೆ ಹಿಸುಕಿ, ಹಿಟ್ಟು ಸೇರಿಸಿ ನಾದುತ್ತಾಳೆ, ನಾನು ನೀರಲ್ಲಿ ಬೇಯಿಸಲು ಸಣ್ಣ ಸಣ್ಣ ಉಂಡೆ ಮಾಡಿ ಮುಳ್ಳುಚಮಚದಿಂದ ಗೀರು ಎಳೆಯುತ್ತೇನೆ. ಹೋದ ವಾರ ಮೊಮ್ಮಗಳು ತನ್ನ ಕೋಣೆಯಲ್ಲಿ ಕಂಪ್ಯೂಟರಿನಲ್ಲಿ ನಮ್ಮ ಹಳೆಯ ಚಿತ್ರವೊಂದನ್ನು ಹುಡುಕಿ ಹಾಕಿಕೊಂಡಿದ್ದಳು. ಗೋಡೆಯಾಚೆಯಿಂದ ಕಿರುಚಾಟ ಕೇಳಿಸಿತು. ಒತ್ತಾವಿಯಾ ಕಿವಿಗೊಟ್ಟು, "ಇದು ಪಾದ್ರಿ ಕಥೆ. ಇದರ ಕೊನೆ ಹಾಳುಮಾಡಿದ್ರು," ಎಂದು, ನನ್ನ ಮಣಿಕಟ್ಟಿಗೆ ಮೆತ್ತಿದ್ದ ಹಿಟ್ಟು ತೋರಿಸಿ ಒರೆಸಿಕೋ ಎಂದಳು. ನೀರು ಕುದಿಯುತ್ತಿತ್ತು. ಮೊದಲ ಒಬ್ಬೆಯನ್ನು ಇಬ್ಬರೂ ಸೇರಿ ಹಾಕಿದೆವು.